ಎಲ್ಲಿಗಂಟ ಬಂದೆ?

ನಮ್ಮ ಅಜ್ಜಿ ಸತ್ತಿದ್ದಾಳೆ ಅನ್ನುವುದು ನನಗೆ ಗೊತ್ತಾದದ್ದು ಒಂದು ದಿಲ್‌ಪಸಂದ್ ತುಂಡಿನಿಂದ. ಮನೆಯವರು ಯಾರೂ ಬಾಯಿ ಬಿಡಲಿಲ್ಲ. ಹೇಳಬಾರದು ಅಂತ ಅವ್ವ, ಅಪ್ಪ, ಚಿಕ್ಕಪ್ಪ ಮೂವರೂ ಕೂತು ಮಾತಾಡಿಕೊಂಡಿದ್ದರಂತೆ. ನಾನು ಆಗ ಇಂಗ್ಲೆಂಡಿನ ಒಂದು ದೊಡ್ಡ ಊರಿನಲ್ಲಿದ್ದೆ. ಆ ಊರಿನ ಹೆಸರು ಎಷ್ಟು ಸಲ ಹೇಳಿಕೊಟ್ಟರೂ ಅವ್ವ ಅದನ್ನು ಲಂಡನ್ ಅಂತಲೇ ಕರೆಯುತ್ತಿದ್ದಳು. ನಾನೂ ತಿದ್ದುವುದನ್ನು ಬಿಟ್ಟಿದ್ದೆ.

ಅಜ್ಜಿಗೂ ನನಗೂ ಇದ್ದದ್ದು ಬಸ್ಸಿನ ನಂಟು. ನಮ್ಮೂರು ತೊಣ್ಣೂರು ಕೆರೆಯ ಆಚೆ ಮಗ್ಗುಲಿಗೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಶನಿವಾರ ಶನಿವಾರ ಊರಿಗೆ ಬರುತ್ತಿದ್ದೆ. ಬಸ್ಸು ಹತ್ತಿ ಕೂರುವುದೇ ತಡ, ಅಜ್ಜಿಯ ಫೋನು. "ಎಲ್ಲಿಗಂಟ ಬಂದೆ?" ಈಗ ಹತ್ತಿದೀನಿ ಕಣಜ್ಜಿ ಅಂದರೆ ಇಟ್ಟುಬಿಡುತ್ತಿದ್ದಳು. ಕಾವೇರಿ ಸೇತುವೆ ಬರುವಷ್ಟರಲ್ಲಿ ಮತ್ತೆ. "ಪಟ್ಣ ದಾಟ್ದಾ?" ಶ್ರೀರಂಗಪಟ್ಟಣ ನಮ್ಮವರ ಬಾಯಲ್ಲಿ ಬರೀ ಪಟ್ಣ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸುವಾಗ ಮತ್ತೊಮ್ಮೆ, ಕೆರೆ ಏರಿ ಮೇಲೆ ಕಡೆಯ ಸಲ. ಪಕ್ಕದ ಸೀಟಿನವರು ಮುಸಿಮುಸಿ ನಗುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಬಸ್ಸು ನಾನ್ ಓಡುಸ್ತಿಲ್ಲ ಕಣಜ್ಜಿ, ಸುಮ್ನಿರು" ಅಂತ ರೇಗಿದರೆ ಅವಳಿಗೆ ಖುಷಿ.

ಪಾಂಡವಪುರದ ಬಸ್‌ಸ್ಟ್ಯಾಂಡ್ ಎದುರಿನ ಬೇಕರಿಯಲ್ಲಿ ಅವಳಿಗೊಂದು ದಿಲ್‌ಪಸಂದ್ ಕಟ್ಟಿಸಿಕೊಳ್ಳದೆ ನಾನು ಎಂದೂ ಊರು ಸೇರಿದವಳಲ್ಲ. ಅವಳ ಬಾಯಲ್ಲಿ ಒಂದೂ ಹಲ್ಲಿಲ್ಲ; ಒಳಗಿನ ಕೊಬ್ಬರಿ ಸಕ್ಕರೆಯನ್ನೆಲ್ಲ ಬೆರಳಲ್ಲಿ ಬಗೆದು ತಿಂದು, ಮೇಲಿನ ಗಟ್ಟಿ ಸಿಪ್ಪೆಯನ್ನು ನನ್ನ ಕೈಗೆ ಹಾಕಿ, "ತಿನ್ನು, ಒಳ್ಳೇದು" ಅನ್ನುವಳು. ಕಣ್ಣಿಗೆ ಪೊರೆ ಬಂದಮೇಲಂತೂ ಮುಖ ನೋಡುವ ಗೋಜೇ ಇಲ್ಲ. ಹೊಸಿಲಲ್ಲಿ ಹೆಜ್ಜೆ ಸದ್ದಾದರೆ ಕೂತಲ್ಲಿಂದಲೇ ಕೈ ಚಾಚುವಳು. ಪೊಟ್ಟಣ ಕೈಗೆ ಬಿದ್ದಮೇಲೆಯೇ "ಬಂದೇನವ್ವ" ಅನ್ನುತ್ತಿದ್ದುದು.

ಹೊರದೇಶಕ್ಕೆ ಹೋಗುತ್ತೇನೆ ಅಂದಾಗ ಅಪ್ಪ ಹೆದರಿದ, ಚಿಕ್ಕಪ್ಪ ಊರೆಲ್ಲ ಡಂಗುರ ಹೊಡೆದ. ಅಜ್ಜಿ ಮಾತ್ರ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು. ಹೊರಡುವ ದಿನ ನನ್ನ ಕೈ ಹಿಡಿದುಕೊಂಡು, "ವೋಗು, ಓದ್ಕೊ, ಏನಾರ ಮಾಡ್ಕೊ. ನನ್ ಬಾಯ್ಗೆ ನೀರ್ ಬುಡೋವತ್ಗೆ ಮಾತ್ರ ಬಂದ್ಬುಡು. ಬ್ಯಾರೆಯೋರ ಕೈ ನೀರು ನಂಗ್ ಬ್ಯಾಡ" ಅಂದಳು. ಪಕ್ಕದಲ್ಲೇ ಅವ್ವ ನಿಂತಿದ್ದಳು. ಇಷ್ಟು ವರ್ಷ ಅನ್ನ ಹಾಕಿದ ಸೊಸೆಯ ಎದುರಿಗೇ ಹಾಗಂದಳು. ಅವ್ವನ ಮುಖ ಸಣ್ಣದಾಯಿತು. ನಾನು ಬರ್ತೀನಿ ಅಂತ ಮಾತು ಕೊಟ್ಟೆ. ಅಜ್ಜಿ ನನ್ನನ್ನು ಕೇಳಿದ್ದು ಅದೊಂದನ್ನೇ.

ಅಲ್ಲಿ ನಾನು ಓದಿದ್ದು ಊರುಗಳ ಸಾರಿಗೆಯ ವಿಷಯ. ಓದಿನ ಕೊನೆಗೆ ಇಂಟರ್ನ್‌ಶಿಪ್ ಸಿಕ್ಕಿದ್ದು, ಬಸ್‌ಸ್ಟಾಪುಗಳಲ್ಲಿ ಕಾಯುವವರ ಬಗ್ಗೆ ಅಧ್ಯಯನ ಮಾಡುವ ಒಂದು ಸಣ್ಣ ಕಚೇರಿಯಲ್ಲಿ. ಹಗಲೆಲ್ಲ ಸ್ಟಾಪಿನಲ್ಲಿ ನಿಂತು, ನೀವು ಎಷ್ಟು ಹೊತ್ತು ಕಾದಿರಿ ಅನ್ನಿಸುತ್ತದೆ ಅಂತ ಜನರನ್ನು ಕೇಳುವುದು ನನ್ನ ಕೆಲಸ. ಚಳಿಯಲ್ಲಿ ಕಾದು ಬೇಸತ್ತವರ ಎದುರು ಹೋಗಿ ಇಂಥದ್ದನ್ನು ಕೇಳಿದರೆ ಯಾರು ತಾನೇ ಮುದ್ದು ಮಾಡುತ್ತಾರೆ! ಒಬ್ಬ, ಹೋಗಿ ನಿಮ್ಮ ದೇಶದ ಬಸ್ಸು ಎಣಿಸಿಕೋ ಅಂದ. ಒಬ್ಬ ಮುದುಕಿ ಕೊಡೆಯ ತುದಿಯಲ್ಲಿ ನನ್ನ ಮೊಣಕಾಲಿಗೆ ತಿವಿದಳು. ನಾನೂ ಕಮ್ಮಿಯಿಲ್ಲ. ನಗುನಗುತ್ತಾ ಕನ್ನಡದಲ್ಲಿ ಬಾಯಿಗೆ ಬಂದದ್ದೆಲ್ಲ ಬೈದು ಥ್ಯಾಂಕ್ಯೂ ಅನ್ನುತ್ತಿದ್ದೆ.

ನಮ್ಮ ಮೇಲಧಿಕಾರಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಜನಕ್ಕೆ ಕಾಯುವುದು ಕಷ್ಟವಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಕಾಯುವುದು ಕಷ್ಟ, ಬೋರ್ಡಿನಲ್ಲಿ 'ಬರುತ್ತಿದೆ' ಅಂತ ತೋರಿಸುತ್ತಿದ್ದರೆ ಸಾಕು, ಯಾರೂ ಸಿಟ್ಟಾಗುವುದಿಲ್ಲ ಅನ್ನುತ್ತಿದ್ದ. ಬಸ್ಸೇ ಬರದಿದ್ದರೆ ಅಂತ ಕೇಳಿದೆ. ಅದು ಬೇರೆ ವಿಭಾಗದ ಕೆಲಸ ಅಂದ.

ಇಂಟರ್ನ್‌ಶಿಪ್ ಶುರುವಾದ ಹೊಸತರಲ್ಲೇ ಅಜ್ಜಿ ಫೋನಿಗೆ ಸಿಗುವುದು ನಿಂತಿತು. ನಾನು ಕೇಳಿದಾಗೆಲ್ಲ ಅವ್ವನ ಹತ್ತಿರ ಉತ್ತರ ರೆಡಿ. "ಮಲಗವ್ಳೆ." "ಕೆ.ಆರ್. ಪೇಟೆಗೆ ಕಣ್ಣಿನ್ ಡಾಕ್ಟ್ರ್ ತಾವ ಕರ್ಕೊಂಡೋಗವ್ರೆ." "ನಿಮ್ಮತ್ತೆ ಬಂದಿದ್ಲು, ಜೊತೇಲಿ ಹೊಣಕೆರೆಗೋದ್ಲು, ಅಲ್ಲಿ ನೆಟ್‌ವರ್ಕ್ ಸಿಗಾಕಿಲ್ಲ." ಅತ್ತೆಯನ್ನು ಕೊಟ್ಟಿರುವುದು ನಾಗಮಂಗಲ ತಾಲ್ಲೂಕಿಗೆ, ಹೊಣಕೆರೆ ಹತ್ತಿರಕ್ಕೆ. ಮಗಳ ಮನೆಗೆ ಹೋದರೆ ಅಜ್ಜಿ ಬೇಗ ಬರುವವಳಲ್ಲ. ನಾನು ನಂಬಿದೆ. ಹೊಣಕೆರೆಯಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಇದೆ ಅನ್ನುವುದು ಆಮೇಲೆ ಹೊಳೆಯಿತು.

ಪಕ್ಷದ ಹಬ್ಬ ಬಂತು. ಮಹಾಲಯ ಅಮಾವಾಸ್ಯೆಯ ಸಂಜೆ ನಮ್ಮ ಕಡೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನೇ ಬಾಳೆಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಅವರು ಬಂದು ಉಣ್ಣಲಿ ಅಂತ ಸ್ವಲ್ಪ ಹೊತ್ತು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಅದಕ್ಕೆ ಮುಂಚೆ ಮನೆಯ ಮಕ್ಕಳೆಲ್ಲ ಎಡೆಗೆ ಕೈ ಮುಗಿಯಬೇಕು. ಮುಗಿಯದಿದ್ದರೆ ಹಿರಿಯರು ಮುನಿಸಿಕೊಳ್ಳುತ್ತಾರೆ. ನನಗದು ಮಧ್ಯಾಹ್ನದ ಊಟದ ಹೊತ್ತು. ಸ್ಟಾಪಿನ ಬೆಂಚಿನ ಮೇಲೆ ತಣ್ಣನೆಯ ಬ್ರೆಡ್ಡು ಕಚ್ಚುತ್ತಿದ್ದೆ. ಚಿಕ್ಕಪ್ಪನ ವಿಡಿಯೋ ಕಾಲ್ ಬಂತು. ಹಿರಿಯರ ಪಾಲಿನ ಬ್ರಾಂದಿಯಲ್ಲಿ ತನ್ನ ಪಾಲನ್ನು ಮೊದಲೇ ತೆಗೆದುಕೊಂಡಿದ್ದ.

"ಇಲ್ನೋಡಮ್ಮಿ, ಎಡೆ ಎಂಗಿಕ್ಕಿವಿ! ಕೈ ಮುಗ್ಕೊ. ಏನ್ ಬೇಕೋ ಕೇಳ್ಕೊ, ಕೊಡ್ತಾರೆ."

ಫೋನು ಎಡೆಯ ಮೇಲೆ ಹರಿದಾಡಿತು. ತಾತನ ಎಲೆಯಲ್ಲಿ ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು. ಮುತ್ತಜ್ಜಿಯ ಎಲೆಯಲ್ಲಿ ಕಜ್ಜಾಯ. ಅದರ ಪಕ್ಕ ಇನ್ನೊಂದು ಎಲೆ. ಹಸಿರು ಅಂಚಿನ ಹೊಸ ಸೀರೆ, ಎಲೆ ಅಡಿಕೆ, ಕಡ್ಡಿಪುಡಿ. ನಡುವೆ ಬೇಕರಿಯ ಕಾಗದದ ಮೇಲೆ ಮೂರು ಮೂಲೆಯ ಒಂದು ದಿಲ್‌ಪಸಂದ್ ತುಂಡು.

ನಮ್ಮ ವಂಶದಲ್ಲಿ ಅದನ್ನು ತಿನ್ನುತ್ತಿದ್ದವಳು ಒಬ್ಬಳೇ. ತಾತ ಸಾಯುವ ಕಾಲಕ್ಕೆ ಪಾಂಡವಪುರದಲ್ಲಿ ಆ ಬೇಕರಿಯೇ ಇರಲಿಲ್ಲ. ಗೋಡೆಯ ಕಡೆ ನೋಡಿದೆ. ತಾತನ ಫೋಟೋ ಪಕ್ಕ ಹೊಸ ಮೊಳೆ ಹೊಡೆದಿತ್ತು. ಮೊಳೆಗೆ ಒಂದೆಳೆ ಸೇವಂತಿಗೆ ನೇತಾಡುತ್ತಿತ್ತು. ನನಗೆ ಕಾಣಬಾರದು ಅಂತ ಫೋಟೋ ತೆಗೆದು ಎಲ್ಲೋ ಅಡಗಿಸಿದ್ದರು. ಫೋಟೋ ಅಡಗಿಸಲು ಅವರಿಗೆ ಕೈ ಬಂತು, ಎಡೆ ತಪ್ಪಿಸಲು ಬರಲಿಲ್ಲ. ನನ್ನ ಕಣ್ಣಿಗೆ ಮಣ್ಣೆರಚಬಹುದು, ಸತ್ತವಳನ್ನು ಹಸಿದು ಕೂರಿಸುವಂತಿಲ್ಲ. ನನ್ನ ಕೈಲಿ ಕೈ ಮುಗಿಸದೆ ಇರುವಂತೆಯೂ ಇಲ್ಲ. ಇಂಥ ಪೆದ್ದು ಕಳ್ಳರು ಈ ಭೂಮಿಯ ಮೇಲೆ ನಮ್ಮ ಮನೆಯಲ್ಲಿ ಮಾತ್ರ ಇರಲು ಸಾಧ್ಯ.

ನಾನು ಕೈ ಮುಗಿದೆ. ಹಿಂದೆ ಅವ್ವ ಚಿಕ್ಕಪ್ಪನಿಗೆ ಸನ್ನೆ ಮಾಡುತ್ತಿದ್ದುದು ಕಂಡಿತು. ಕಾಲ್ ಕಟ್ಟಾಯಿತು.

ಕಚೇರಿಗೆ ಹೋಗಿ ರಜೆ ಕೇಳಿದೆ. ಅಜ್ಜಿ ತೀರಿಕೊಂಡಿದ್ದಾಳೆ ಅಂದೆ. ಮೇಲಧಿಕಾರಿ ಮುಖವನ್ನು ಬೇಕಾದಷ್ಟು ಸಪ್ಪೆ ಮಾಡಿಕೊಂಡು, ಯಾವಾಗ ಅಂತ ಕೇಳಿದ. ಗೊತ್ತಿಲ್ಲ ಅಂದೆ. ಇವತ್ತೇ? ಅಲ್ಲ. ಈ ವಾರ? ಇರಲಿಕ್ಕಿಲ್ಲ. ಅವನು ಪೆನ್ನು ಕೆಳಗಿಟ್ಟ. ಸಾವಿನ ರಜೆ ಹೊಸ ಸಾವಿಗೆ ಮಾತ್ರ ಅಂತ ಬಹಳ ಮೃದುವಾಗಿ ತಿಳಿಸಿದ. ನಿನಗೇ ಗೊತ್ತಿಲ್ಲದ ದುಃಖಕ್ಕೆ ನಾನು ಹೇಗೆ ರಜೆ ಕೊಡಲಿ ಅಂದ. ಥೂ, ಅವನ ಮನೆ ಹಾಳಾಗ! ಮಧ್ಯಾಹ್ನ ಮತ್ತೆ ಸ್ಟಾಪಿಗೆ ಹೋಗಿ ನಿಂತೆ. ಎಷ್ಟು ಹೊತ್ತು ಕಾದಿರಿ ಅಂತ ಕೇಳಿದೆ. ಅವತ್ತು ಯಾರೂ ನನ್ನನ್ನು ಬೈಯಲಿಲ್ಲ. ಮುಖ ಹಾಗಿತ್ತೇನೋ.

ಆ ವಾರವೆಲ್ಲ ಅಳುತ್ತಲೇ ಇದ್ದೆ. ಆಮೇಲೆ ಅಳು ನಿಂತು ಸಿಟ್ಟು ಕೂತಿತು. ನನ್ನ ಅಜ್ಜಿ, ನನ್ನ ಮಾತು, ನನ್ನ ಕೈ ನೀರು. ಇವೆಲ್ಲ ನನಗೆ ಬೇಕೋ ಬೇಡವೋ ಅಂತ ತೀರ್ಮಾನ ಮಾಡಲು ಇವರು ಯಾರು? ಗೊತ್ತಾಯಿತು ಅಂತ ನಾನು ಹೇಳಲಿಲ್ಲ. ಹೇಳಿದರೆ ಅವ್ವ ಒಂದು ಸಲ ಅತ್ತು ಹಗುರಾಗಿಬಿಡುತ್ತಾಳೆ. ಅಷ್ಟು ಸಲೀಸಾಗಿ ಬಿಡುವ ಮನಸ್ಸು ನನಗಿರಲಿಲ್ಲ. ಭಾನುವಾರ ಫೋನು ಮಾಡಿದವಳು ಕೇಳಿದೆ.

"ಅಜ್ಜಿ ಏನ್ ಉಂಡ್ಲು?"

"ಮುದ್ದೆ, ಅವ್ರೆಕಾಳ್ ಸಾರು."

"ಹಲ್ಲಿಲ್ದೆ ಅವ್ರೆಕಾಳು ಎಂಗ್ ತಿಂದ್ಲು?"

"ಸಿಪ್ಪೆ ಇಸ್ಕಿದ್ ಅವ್ರೆ ಕಣಮ್ಮಿ. ನುಣ್ಣಗಿತ್ತು."

"ಎಷ್ಟ್ ಮುದ್ದೆ?"

"ಅರ್ಧ." ಅವ್ವನ ದನಿ ಸಣ್ಣಗಾಗುತ್ತಿತ್ತು. ನಾನು ಬಿಡುತ್ತಿರಲಿಲ್ಲ. ಕಣ್ಣಿನ ಡಾಕ್ಟರು ಏನಂದರು, ಕಾಲು ನೋವು ಹೇಗಿದೆ, ಚಳಿಗೆ ಹೊದೆಯಲು ಏನು ಕೊಟ್ಟಿದ್ದೀಯ. ವಾರ ವಾರವೂ ಸತ್ತವಳಿಗೆ ಅವ್ವನ ಕೈಯಲ್ಲಿ ಊಟ ಹಾಕಿಸಿದೆ, ಸ್ನಾನ ಮಾಡಿಸಿದೆ, ಕೆಮ್ಮು ಬರಿಸಿ ವಾಸಿ ಮಾಡಿಸಿದೆ. ಒಂದು ಸಲ, "ಅಜ್ಜಿ ನನ್ನ ಬೈದ್ಕೋತಾಳಾ?" ಅಂದೆ. ಅವ್ವ ತಡವರಿಸಿದಳು. ಆಮೇಲೆ ಅಜ್ಜಿಯ ಗಂಟಲಿನಲ್ಲೇ ಬೈದು ತೋರಿಸಿದಳು. "ಆ ಮೂದೇವಿಗೆ ಅಲ್ಲೇನ್ ಕಡ್ದು ಕಟ್ಟೆ ಹಾಕೋದೈತಂತೆ?" ಥೇಟ್ ಅಜ್ಜಿಯೇ. ಅವ್ವನಿಗೆ ಯಾರ ದನಿ ಬೇಕಾದರೂ ಬರುತ್ತದೆ ಅನ್ನುವುದು ನನಗೆ ಮರೆತೇಹೋಗಿತ್ತು.

ನಾನು ಊರಿಗೆ ಬಂದದ್ದು ಸಂಕ್ರಾಂತಿಯ ಮುಂಚೆ. ಪಟ್ಣದಲ್ಲಿ ಇಳಿದು ಪಾಂಡವಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರಾಕ್ಟರುಗಳು. ಫೋನನ್ನು ಕೈಯಲ್ಲೇ ಹಿಡಿದಿದ್ದೆ, ಒಂದು ಸಲವೂ ಬಡಿದುಕೊಳ್ಳಲಿಲ್ಲ. ಆಗಲೇ ಅವಳು ಇಲ್ಲ ಅನ್ನುವುದು ನಿಜವಾಗಿ ಮೈಗೆ ಹತ್ತಿದ್ದು. ಪಾಂಡವಪುರದಲ್ಲಿ ಇಳಿದು ಬೇಕರಿಗೆ ಹೋಗಿ ಒಂದು ದಿಲ್‌ಪಸಂದ್ ಕಟ್ಟಿಸಿದೆ. ಅವ್ವನ ಕೈಗೆ ಕೊಡಬೇಕು, ಅವಳ ಮುಖ ನೋಡಬೇಕು ಅನ್ನುವ ಒಂದೇ ಆಸೆ ಇತ್ತು ನನಗೆ.

ಅವ್ವ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದಳು. ಅಪ್ಪ, ಚಿಕ್ಕಪ್ಪ ಗದ್ದೆಯಲ್ಲಿದ್ದರು. ನನ್ನನ್ನು ನೋಡಿ ಎದ್ದು ನಿಂತಳು. ಅವಳು ಮಾತು ತೆಗೆಯುವ ಮೊದಲೇ ಪೊಟ್ಟಣ ಚಾಚಿದೆ.

"ಅಜ್ಜಿಗ್ ಕೊಡು."

ಅವ್ವ ಪೊಟ್ಟಣ ನೋಡಿದಳು, ನನ್ನ ಮುಖ ನೋಡಿದಳು. ಅವಳು ದಡ್ಡಿಯಲ್ಲ.

"ಯಾವತ್ತಿಂದ ಗೊತ್ತು ನಿಂಗೆ?"

"ಪಕ್ಷದ ಹಬ್ಬದಿಂದ."

"ಅಂಗಾರೆ ವಾರವಾರ ಬೇಕಂತ್ಲೇ ನನ್ ಬಾಯಲ್ಲಿ ಸುಳ್ಳಾಡುಸ್ದೆ."

"ಊಂ. ನೀವ್ ಮಾಡಿದ್ಕೆ ಕಮ್ಮೀನೇ ಆಯ್ತು."

ಕಪಾಳಕ್ಕೆ ಒಂದು ಬಿಟ್ಟಳು. ಒದ್ದೆ ಕೈ, ಚುರ್ರೆಂದಿತು. ಪೊಟ್ಟಣ ನೆಲಕ್ಕೆ ಬಿತ್ತು.

"ನಾನ್ ಎಸ್ಸೆಸ್ಸೆಲ್ಸಿ ಪರೀಕ್ಸೆ ಬರೀವಾಗ ನಮ್ಮ ತಾತ ಸತ್ತ ಅಂತ ಎಬ್ಬುಸ್ಕೊಂಡೋದ್ರು. ವಾಪಸ್ ಕಳುಸ್ನಿಲ್ಲ. ಅದ್ಕೇ ನಿಂಗೇಳ್ನಿಲ್ಲ. ನೀನೂ ನನ್ನಂಗೆ ಸಗಣಿ ಬಾಚ್ಕೊಂಡ್ ಕೂರ್ಬೇಕಿತ್ತಾ?"

ನಾನು ಕೆನ್ನೆ ಉಜ್ಜಿಕೊಂಡೆ. ಕೇಳಬೇಕಾದ್ದು ಇನ್ನೂ ಒಂದಿತ್ತು.

"ನೀರ್ ಯಾರ್ ಬುಟ್ರು?"

ಅವ್ವ ಕ್ಯಾನಿನ ಪಕ್ಕ ಕುಕ್ಕರಿಸಿ ಕೂತಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. ನನ್ನ ಕಡೆ ನೋಡದೆ ಹೇಳಿದಳು.

"ಕಡೇಲಿ ಗಂಜೀನೂ ಮುಟ್ನಿಲ್ಲ. ಎಲ್ಲಿಗಂಟ ಬಂದ್ಲು, ಎಲ್ಲಿಗಂಟ ಬಂದ್ಲು, ಅದೊಂದೇಯ. ಹೊಂಟವ್ಳೆ ಅಂದೆ. ಬೆಂಗ್ಳೂರ್ಗೆ ಬಂದವ್ಳೆ ಅಂದೆ. ಒಂದ್ ಗಳಿಗೆ ಸುಮ್ನಾಗೋಳು, ಇನ್ನೊಂದ್ ಗಳಿಗೆಗೆ ಮತ್ತೆ ಕೇಳೋಳು. ಪಟ್ಣ ದಾಟುದ್ಲು ಅಂದೆ. ಪಾಂಡವಪುರದಲ್ಲಿ ಬಸ್ಸಿಗ್ ನಿಂತವ್ಳೆ ಅಂದೆ. ಏರಿ ಮ್ಯಾಲೆ ಬತ್ತಾವ್ಳೆ ಅಂದೆ. ಅದ್ರಾಚೆ ಏನೇಳಾನ? ಏರಿ ದಾಟುದ್ರೆ ಮನೇನೇಯ. ಅದ್ಕೆ ನಾನೇ ಬಂದೆ."

"ನೀನೇ ಅಂದ್ರೆ?"

"ಬಾಗ್ಲಿಂದ ಒಳೀಕೆ ಬಂದೆ, ಚಪ್ಲಿ ಸದ್ದು ಮಾಡ್ಕೊಂಡು. ಬಂದೆ ಕಣಜ್ಜಿ, ಬಾಯ್ ತೆಗಿ ಅಂದೆ. ನಿನ್ ಗಂಟ್ಲಲ್ಲೇ ಅಂದೆ."

ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ.

"ಕುಡುದ್ಲಾ?"

"ಕೈ ಚಾಚುದ್ಲು. ದಿಲ್‌ಪಸಂದ್ ಎಲ್ಲಿ ಅಂದ್ಲು."

ಅವ್ವ ಕ್ಯಾನಿನ ಮುಚ್ಚಳ ಎತ್ತಿ ಬೋರಲು ಹಾಕಿದಳು.

"ನನ್ ಬರಿಗೈ ಸವ್ರಿದ್ಲು. ಆಮ್ಯಾಕೆ ಬಾಯ್ ಮುಚ್ಕೊಂಡ್ಬುಟ್ಲು. ನಾನ್ ಬುಟ್ ನೀರು ಕಟವಾಯಲ್ಲಿ ಅಂಗೇ ಇಳ್ದೋಯ್ತು."

ನಾನು ತಂದ ಪೊಟ್ಟಣ ನಮ್ಮಿಬ್ಬರ ನಡುವೆ ನೆಲದ ಮೇಲೆ ಬಿದ್ದಿತ್ತು. ಅಪ್ಪ ಗದ್ದೆಯಿಂದ ಬರುವವರೆಗೂ ಇಬ್ಬರೂ ಅದನ್ನು ಎತ್ತಲಿಲ್ಲ.