ಸಂಕದ ಮೇಲಿನ ಮರಳು

ಸಂಕದ ಮೇಲಿನ ಮರಳು ನನ್ನ ನಾಯಿ ಬೆಲ್ಲಿಯ ಕಾಲು ಕೊಯ್ಯಲಿಲ್ಲ. ಕೊಯ್ದಿದೆ ಎಂದು ನಾನು ಹೇಳಿದ್ದು ಸುಳ್ಳು. ಬಾಯಿ ಜಾರಿ ಬಂದದ್ದಲ್ಲ — ಗೊತ್ತಿದ್ದೇ ಹೇಳಿದ ಸುಳ್ಳು. ಆ ಸುಳ್ಳಿನ ಮೇಲೆ ನಿಂತುಕೊಂಡೇ ಇಷ್ಟು ವರ್ಷ ಉಳಿದವರಿಗೆ ಪಾಠ ಹೇಳಿದ್ದೇನೆ.

ಎಲ್ಲಿಂದ ಹೇಳಲಿ... ಮಂಜಣ್ಣನಿಂದಲೇ ಹೇಳಬೇಕು. ಸಿದ್ದಾಪುರದ ಮಂಜಣ್ಣ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಯಾವುದೋ ದೊಡ್ಡ ಊರಿನಲ್ಲಿ ನಾಯಿಗಳ ಅಡೆತಡೆ ಓಟ ನೋಡಿ ಬಂದು, ನಮ್ಮ ಕಡೆಯೂ ಆಗಲಿ ಎಂದು ಶುರು ಮಾಡಿದರು. ನಾಯಿ ಬೇಲಿ ಹಾರಬೇಕು, ಸುರಂಗದೊಳಗೆ ನುಗ್ಗಬೇಕು, ಸಾಲುಗೂಟಗಳ ನಡುವೆ ನುಸುಳಬೇಕು, ಕೊನೆಗೆ ಎದೆಯೆತ್ತರದ ಉದ್ದ ಹಲಗೆಯ ಮೇಲೆ ಹತ್ತಿ ಆಚೆ ಇಳಿಯಬೇಕು. ಹಳ್ಳ ದಾಟುವ ಕಾಲುಸಂಕದ ಹಾಗೇ ಇದ್ದುದರಿಂದ ಆ ಹಲಗೆಯನ್ನು ನಾವೆಲ್ಲ ಸಂಕ ಎಂದೇ ಕರೆದೆವು. ಅದರ ತುದಿಯಲ್ಲಿ ಒಂದು ಹಳದಿ ಪಟ್ಟಿ. ಇಳಿಯುವಾಗ ಅದನ್ನು ಮೆಟ್ಟದೆ ಹಾರಿದರೆ ಅಂಕ ಹೋಯಿತು. ಜೊತೆಗೆ ಓಡುವವರು ನಾಯಿಯನ್ನು ಮುಟ್ಟುವಂತಿಲ್ಲ. ಬಾಯಿಮಾತು, ಕೈಸನ್ನೆ, ಅಷ್ಟೇ.

ಮಂಜಣ್ಣ ನಾಯಿಗಳಿಗೆ ಕಲಿಸಿದ್ದೂ ಬಸ್ಸಿನ ಭಾಷೆಯನ್ನೇ. ಹೊರಡಲು ‘ರೈಟ್’, ನಿಲ್ಲಲು ‘ಹೋಲ್ಡಾನ್’, ಜೊತೆಗೆ ಹಳೆಯ ಸೀಟಿ. ನಮ್ಮ ನಾಯಿಗಳನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಯಾವನಾದರೂ ಕಂಡಕ್ಟರ್ ರೈಟ್ ಎಂದರೆ ಕಿತ್ತುಕೊಂಡು ಓಡುತ್ತಿದ್ದವು! ಶಿರಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ನಾನು ಹಳೆಯ ತಾಡಪಾಲು ಹೊಲಿದು ಸುರಂಗ ಮಾಡಿಕೊಟ್ಟೆ. ಸಂಕ ಮಂಜಣ್ಣನದು. ಒದ್ದೆಯಲ್ಲಿ ನಾಯಿ ಜಾರಬಾರದೆಂದು ಬಣ್ಣಕ್ಕೆ ಜರಡಿ ಹಿಡಿದ ನಯವಾದ ಮರಳು ಬೆರೆಸಿ ಬಳಿಯುತ್ತಿದ್ದರು.

ಅವರು ಹಾಕಿಕೊಟ್ಟ ಇನ್ನೊಂದು ಕಟ್ಟಳೆ ಇತ್ತು. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಸುತ್ತ ಕೂರಬೇಕು. ಒಬ್ಬೊಬ್ಬರೂ ‘ಇವತ್ತು ನನ್ನ ತಪ್ಪು ಇದು’ ಎಂದು ಹೇಳಿಯೇ ಏಳಬೇಕು. ನಾಯಿಯ ಮೇಲೆ ಹಾಕುವಂತಿಲ್ಲ. “ನಾಯಿ ತಪ್ಪು ಮಾಡೂದಿಲ್ಲ, ನಾವು ಹೇಳಿದ್ದು ಮಾಡ್ತದೆ” ಅನ್ನುತ್ತಿದ್ದರು. ಕೈ ತಡವಾಗಿ ಎತ್ತಿದೆ, ಎದುರಿಗೇ ಅಡ್ಡ ನಿಂತೆ, ಸಿಟ್ಟಿನಲ್ಲಿ ಕೂಗಿದೆ — ಹೀಗೆ ಹೇಳಿಹೇಳಿಯೇ ನಾವು ಕಲಿತದ್ದು. ಆ ವೃತ್ತದಲ್ಲಿ ಕೂತು ನಾನು ಎಷ್ಟು ನಕ್ಕಿದ್ದೇನೆ! ನಗುತ್ತ ಎಷ್ಟು ಕಲಿತಿದ್ದೇನೆ.

ಆ ದಿನ ಸ್ಪರ್ಧೆ ಯಲ್ಲಾಪುರದಲ್ಲಿ. ಮಳೆಗಾಲ ಆಗಷ್ಟೇ ಮುಗಿದಿತ್ತು, ಮೈದಾನದ ಅಂಚಿನ ಹುಲ್ಲಿನಲ್ಲಿ ರಕ್ತ ಹೀರುವ ಉಂಬಳ ಇನ್ನೂ ಇದ್ದವು. ಮಂಜಣ್ಣ ಮುಂಚೆಯೇ ಎಲ್ಲರಿಗೂ ಸಾರಿದ್ದರು: “ಉಂಬಳ ಹತ್ತಿದ್ರೆ ಅಲ್ಲಿ ಉಪ್ಪುನೀರಿನ ಬಕೆಟ್ ಇಟ್ಟಿದೀನಿ. ಸುಣ್ಣ ಗಿಣ್ಣ ಹಚ್ಚಬೇಡಿ ಮತ್ತೆ, ನಾಯಿ ಕಾಲು ನಮ್ಮ ಹಿಮ್ಮಡಿ ಅಲ್ಲ.”

ಕೇಳಿಸಿಕೊಂಡಿದ್ದೆ. ತಲೆಯನ್ನೂ ಆಡಿಸಿದ್ದೆ.

ನಮ್ಮ ಸರದಿ ಹತ್ತಿರ ಬಂದಾಗ ನೋಡುತ್ತೇನೆ, ಬೆಲ್ಲಿಯ ಮುಂಗಾಲಿನ ಬೆರಳಸಂದಿಯಲ್ಲಿ ಉಂಬಳ. ಬಕೆಟ್ಟು ಇದ್ದುದು ಮೈದಾನದ ಆಚೆ ತುದಿಯಲ್ಲಿ. ಸೊಂಟದ ಸಂಚಿಯಲ್ಲಿ ಎಲೆಯಡಿಕೆ ಕವಳದ ಸಾಮಾನು, ಅದರಲ್ಲಿ ಸುಣ್ಣದ ಡಬ್ಬಿ. ಬೆಟ್ಟಕ್ಕೆ ಹೋಗುವಾಗ ನನ್ನ ಅಜ್ಜಿ ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಳ್ಳುತ್ತಿದ್ದಳು. ನಾನೂ ತಿಕ್ಕಿಕೊಂಡವಳೇ, ಏನೂ ಆಗಿದ್ದಿಲ್ಲ. ಬೆರಳಿನಲ್ಲಿ ಸುಣ್ಣ ತೆಗೆದು ಮುಟ್ಟಿಸಿದೆ, ಉಂಬಳ ಬಿತ್ತು. ಅಷ್ಟಕ್ಕೇ ಬಿಟ್ಟೆನೇ — ಮತ್ತೆ ಹತ್ತದಿರಲಿ ಎಂದು ನಾಲ್ಕೂ ಪಾದದ ಸಂದಿಗೆ ಒತ್ತಿ ಸವರಿದೆ. ಒದ್ದೆ ಪಾದ, ಎಳೆಯ ಚರ್ಮ.

ಅಂಚಿನಲ್ಲಿ ಕೂತಿದ್ದ ನಾದಿನಿ ಕೂಗಿದಳು: “ಅತ್ತಿಗೇ, ಬಿದ್ರೆ ಮೊದ್ಲು ಯಾರನ್ನ ಎತ್ತವು, ನಿನ್ನನ್ನೋ ನಾಯಿನೋ?” ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ತೋರಿಸಿಯೇಬಿಡುತ್ತೇನೆ ಎನ್ನುವ ಹಠ.

ಸೀಟಿ ಕೂಗಿತು. ರೈಟ್!

ಬೇಲಿಗಳನ್ನು ಬೆಲ್ಲಿ ಗಾಳಿಯ ಹಾಗೆ ಹಾರಿದಳು. ಸುರಂಗದಿಂದ ಹೊರಬಂದಾಗ ಒಮ್ಮೆ ಕಾಲು ಕೊಡವಿದಳು; ಕಂಡೆ. ಗೂಟಗಳ ನಡುವೆ ಎರಡು ಸಲ ನಿಂತು ಪಾದ ನೆಕ್ಕಲು ಹೋದಳು, ಅದನ್ನೂ ಕಂಡೆ. ಅಲ್ಲಿಯೇ ಕೈಯೆತ್ತಿ ಸಾಕು ಎನ್ನಬಹುದಿತ್ತು. ಎನ್ನಲಿಲ್ಲ. ರೈಟ್, ರೈಟ್ ಎಂದು ಇನ್ನೂ ಗಟ್ಟಿಯಾಗಿ ಕೂಗಿದೆ. ಅವಳು ನನ್ನ ಮುಖ ನೋಡಿದಳು, ಸಂಕ ಹತ್ತಿದಳು — ನಾನು ಹೇಳಿದೆನಲ್ಲ, ಅದಕ್ಕೆ. ನಟ್ಟನಡುವೆ ನಿಂತಳು. ಒಂದು ಕಾಲೆತ್ತಿದಳು, ಅದನ್ನಿಟ್ಟು ಇನ್ನೊಂದು ಎತ್ತಿದಳು. ನೆಲದ ಮೇಲೆ ನಾನು, ಅಷ್ಟೆತ್ತರದಲ್ಲಿ ಅವಳು, ಮುಟ್ಟುವಂತಿಲ್ಲ... ಕುಂಯ್ ಎಂದು ಪಕ್ಕಕ್ಕೆ ಉರುಳಿ ಬಿದ್ದಳು.

ಓಡಿಹೋಗಿ ಮಡಿಲಿಗೆ ಎತ್ತಿಕೊಂಡೆ. ಪಾದ ಬಿಡಿಸಿದೆ. ಬೆರಳಸಂದಿಯೆಲ್ಲ ಕೆಂಪಗೆ ಬೆಂದಿತ್ತು. ಕೆಂಪಿನ ನಡುವೆ ಬಿಳಿಯ ಸುಣ್ಣ. ಆ ಕ್ಷಣವೇ ನನಗೆ ಎಲ್ಲ ತಿಳಿಯಿತು. ಜನ ಹತ್ತಿರ ಬರುವುದರೊಳಗೆ ಸೆರಗಿನಿಂದ ಆ ಬಿಳಿಯನ್ನು ಒರೆಸಿದೆ. ನನ್ನ ತಪ್ಪು ಸುಣ್ಣ ಹಚ್ಚಿದ್ದಲ್ಲ, ಒರೆಸಿದ್ದು.

ತೀರ್ಪುಗಾರರು ಏನಾಯಿತಮ್ಮ ಎಂದು ಕೇಳಿದರು. ನನ್ನ ಬಾಯಿ ಹೇಳಿತು: “ಮರಳು ಸಾರ್. ಸಂಕಕ್ಕೆ ಬಳಿದ ಮರಳು ಕಾಲು ಕೊಯ್ದುಬಿಟ್ಟಿದೆ.”

ಯಾರೋ ಹಿಂದಿನಿಂದ, “ಕಂಡಕ್ಟ್ರು ರಸ್ತೆಗೆ ಹಾಕೋ ಜಲ್ಲೀನೇ ಬಳಿದಾರೆ ನೋಡು” ಎಂದ. ನಗು. ಮಂಜಣ್ಣ ನಗಲಿಲ್ಲ. ಸಂಕದ ಹತ್ತಿರ ಹೋಗಿ ಬರಿಗೈಯನ್ನು ಆ ತುದಿಯಿಂದ ಈ ತುದಿಯವರೆಗೂ ಒತ್ತಿ ಎಳೆದರು. ಅಂಗೈ ನೋಡಿಕೊಂಡರು. ಮುಂದಿನ ಸರದಿ ಅವರ ಸ್ವಂತ ನಾಯಿ ರಾಜನದು. ಅವನನ್ನು ಕಟ್ಟಿಹಾಕಿ ಸ್ಪರ್ಧೆ ನಿಲ್ಲಿಸಿದರು. ಸಂಜೆ ವೃತ್ತದಲ್ಲಿ ಮೊದಲು ಹೇಳಿದವರೂ ಅವರೇ: “ಇವತ್ತು ನನ್ನ ತಪ್ಪು ಮರಳು. ಜರಡಿ ಸರಿ ಹಿಡೀಲಿಲ್ಲ ಕಾಣ್ತದೆ.”

ನನ್ನ ಸರದಿ ಬಂತು. ಎಲ್ಲರ ಕಣ್ಣಿನಲ್ಲೂ ಕರುಣೆ. ನಾನು ಹೇಳಿದೆ: “ಗೂಟದ ಹತ್ತಿರ ಸ್ವಲ್ಪ ಅವಸರ ಮಾಡಿದೆ.”

ಆ ವಾರವೇ ಮಂಜಣ್ಣ ಎಲ್ಲ ಹಲಗೆಗಳ ಮರಳು ಹೆರೆದು ನುಣುಪು ಬಣ್ಣ ಬಳಿದರು. ಆಮೇಲೆ ನನ್ನ ಅಂಗಡಿಗೆ ಬಂದು ಸೀಟಿಯನ್ನು ಹೊಲಿಗೆ ಯಂತ್ರದ ಮೇಲಿಟ್ಟು, “ಇನ್ನು ನೀವೇ ಕಲಿಸಿ ಗಂಗಕ್ಕ. ನನ್ನ ಕೈಮೇಲೆ ನನಗೇ ನಂಬಿಕೆ ಹೋಯ್ತು” ಎಂದು ಹೊರಟುಹೋದರು. ನಾನು ಬೇಡ ಎನ್ನಲಿಲ್ಲ. ಯಂತ್ರದ ಮೇಲಿನ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡೆ.

ಬೆಲ್ಲಿಯ ಕಾಲು ವಾಸಿಯಾಯಿತು. ಆದರೆ ನಾನು ಕವಳಕ್ಕೆಂದು ಸುಣ್ಣದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಎಲ್ಲಿದ್ದರೂ ನಾಲ್ಕೂ ಕಾಲನ್ನು ಹೊಟ್ಟೆಯಡಿಗೆ ಮಡಚಿಕೊಂಡು ಕೂರುತ್ತಾಳೆ. “ಎಂತಕ್ಕೇ ಇದು ಹಿಂಗೆ ಮಾಡ್ತು?” ಎಂದು ನಮ್ಮನೆಯವರು ಒಮ್ಮೆ ಕೇಳಿದರು. “ಯಂಗೆ ಗೊತ್ತಿಲ್ಲೆ” ಅಂದೆ. ಇವರಿಗೂ ಸುಳ್ಳು.

ವರ್ಷಗಳು ಹೋದವು. ಹೊಸಬರು ಬಂದರು. ಮರಳು ಹಾಕಿದರೆ ಕಾಲು ಕೊಯ್ಯುತ್ತದೆ ಎಂಬುದು ನಮ್ಮಲ್ಲಿ ವೇದವಾಕ್ಯವಾಯಿತು. ಪ್ರತಿ ಭಾನುವಾರ ನಾನು ವೃತ್ತದ ನಡುವೆ ಕೂತು ‘ತಪ್ಪು ಬಚ್ಚಿಟ್ಟರೆ ಕಲಿಯುವುದಿಲ್ಲ’ ಎಂದು ಹೇಳಿಕೊಡುತ್ತಿದ್ದೆ. ನಾಲಿಗೆ ತಡವರಿಸುತ್ತಿತ್ತು ಅಂದುಕೊಂಡಿರಾ? ಇಲ್ಲ. ಅಭ್ಯಾಸವಾಗಿಬಿಟ್ಟಿತ್ತು.

ಹೋದ ತಿಂಗಳು, ತುಂತುರು ನಿಂತ ಬೆಳಿಗ್ಗೆ, ಬನವಾಸಿಯ ಸಹನಾ ತನ್ನ ಕರಿಯನನ್ನು ಓಡಿಸುತ್ತಿದ್ದಳು. ಶಾಲೆಯಲ್ಲಿ ಪಾಠ ಹೇಳುವ ಹೆಣ್ಣುಮಗಳು, ನಾಯಿಯನ್ನು ಮಗುವಿನ ಹಾಗೆ ಸಾಕಿದವಳು. ನುಣುಪು ಸಂಕದ ಮೇಲೆ ಕರಿಯನ ಹಿಂಗಾಲು ಜಾರಿತು, ಮುಂಗಾಲು ಮುಂದಾಗಿ ನೆಲಕ್ಕೆ ಬಿದ್ದ. ಮುಂಗಾಲಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾಯಿಯನ್ನು ಡಾಕ್ಟರ ಹತ್ತಿರ ಒಯ್ಯುವ ಅವಸರದಲ್ಲೂ ಅವಳು ಕಟ್ಟಳೆ ಮುರಿಯಲಿಲ್ಲ. ಹೊರಡುವ ಮುಂಚೆ ಎಲ್ಲರೆದುರು ನಿಂತಳು. “ನಂದ ತಪ್ಪು. ನಾನ ಜೋರ್ ಓಡಿಸಿದೆ” ಎನ್ನುತ್ತ ಗಳಗಳ ಅತ್ತಳು.

ಅಲ್ಲಿ ಮಂಜಣ್ಣ ಹೊತ್ತದ್ದು, ಇಲ್ಲಿ ಇವಳು ಹೊತ್ತದ್ದು — ಎರಡೂ ನನ್ನದೇ ತಪ್ಪು. ಸೀಟಿ ನನ್ನ ಕೊರಳಲ್ಲಿತ್ತು. ನಾನು ಆಗಲೂ ಸುಮ್ಮನಿದ್ದೆ.

ಮಾರನೆಯ ದಿನ ಸಿದ್ದಾಪುರದ ಬಸ್ಸು ಹತ್ತಿದೆ. ಮಂಜಣ್ಣನ ಮನೆಯಂಗಳದಲ್ಲಿ ನಾಯಿ ರಾಜ ಮುದಿಯಾಗಿ ಮಲಗಿದ್ದ. ಮಂಜಣ್ಣ ಕೂರಿ ಎಂದರು. ಕೂರದೆ, ನಿಂತೇ ಎಲ್ಲ ಹೇಳಿದೆ. ಉಂಬಳ, ಸುಣ್ಣ, ಸೆರಗು. ಅವರು ತಮ್ಮ ಅಂಗೈ ಬಿಡಿಸಿ ನೋಡಿಕೊಂಡರು.

“ಅವತ್ತು ಮನೆಗೆ ಬಂದು ಆ ಮರಳನ್ನ ಈ ಕೈಗೆ ಎಷ್ಟು ತಿಕ್ಕಿದೆ ಗಂಗಕ್ಕ. ಒಂದು ಗೀರೂ ಬೀಳ್ಲಿಲ್ಲ.”

ಹಾಗಾದರೆ ಇವರಿಗೆ ಅಂದೇ ಗೊತ್ತಿತ್ತೇ... ಕೇಳುವ ಧೈರ್ಯವಾಗಲಿಲ್ಲ. ಸೀಟಿ ತೆಗೆದು ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

“ನನ್ನ ಹತ್ರ ಹೇಳಿದ್ರೆ ಆಯ್ತಾ? ಸಂಕ ಇರೂದು ಅಲ್ಲಿ. ಅಲ್ಲಿ ಹೇಳಿ.”

ಹೇಳಿದೆ. ಮುಂದಿನ ಭಾನುವಾರ, ವೃತ್ತದಲ್ಲಿ ಎಲ್ಲರಿಗಿಂತ ಮೊದಲು, ಒಂದೂ ಬಿಡದೆ. ಪಟ್ಟಿ ಕಟ್ಟಿದ ಕರಿಯನನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ಸಹನಾ ತಲೆಯೆತ್ತಿದಳು.

“ಹೋದ ವಾರ ನಾ ಅಳಕೋತ ನಿಂತಾಗ ನೀವು ಯಾಕ ಸುಮ್ಮನಿದ್ರಿ?”

ಅವಳು ಕರಿಯನನ್ನು ಎತ್ತಿಕೊಂಡು ನಡೆದಳು, ಆಮೇಲೆ ಬಂದಿಲ್ಲ.

ಸಂಕಕ್ಕೆ ಮತ್ತೆ ಮರಳಿನ ಬಣ್ಣ ಬಿದ್ದಿದೆ. ಸೀಟಿ ಬೇರೆಯವರ ಕೊರಳಲ್ಲಿದೆ. ನಾನು ಉಳಿದವರಿಗಿಂತ ಮುಂಚೆ ಮೈದಾನಕ್ಕೆ ಹೋಗಿ ಬಕೆಟ್ಟಿಗೆ ನೀರು ತುಂಬಿಸಿ ಉಪ್ಪು ಕದಡಿ ಇಡುತ್ತೇನೆ. ಆಚೆ ತುದಿಯಲ್ಲಲ್ಲ — ಓಟ ಶುರುವಾಗುವ ಜಾಗದಲ್ಲೇ, ಅವಸರದಲ್ಲಿರುವವರಿಗೂ ಕೈಗೆ ಸಿಗುವ ಹಾಗೆ.