ಚಿಗುರು ಕೀಳುವ ಕೈ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಪಕ್ಕದ ಹಾಸನಕ್ಕೆ ಹೋದರೂ ನಾವು ಪರರಾಜ್ಯ ಸುತ್ತಿ ಬಂದವರೇ. ಸೋಮವಾರಪೇಟೆ ಕಡೆಯ ಕಾಫಿ ಎಸ್ಟೇಟಿನ ಆಳುಗಳ ಲೈನಿನಲ್ಲಿ ನಮ್ಮದು ಒಂದು ಕೋಣೆ. ಅದರಲ್ಲಿ ಅಪ್ಪ, ಅವ್ವ, ಅಜ್ಜಿ, ನಾವು ಮೂವರು ಮಕ್ಕಳು, ಎರಡು ಕೋಳಿ. ಅಲ್ಲಿಗೆ ಸಿಲೋನಿನಿಂದ ಅತ್ತೆ ಬಂದಿಳಿದಳು.

ಅತ್ತೆ ಅಪ್ಪನ ತಂಗಿ. ಲೈನಿನಲ್ಲೇ ಇದ್ದ ತಮಿಳಿನವನನ್ನು ಮದುವೆಯಾಗಿ, ವರ್ಷವಿಡೀ ಕೂಲಿ ಸಿಗುತ್ತದೆಂದು ಅವನ ಜೊತೆ ಕಡಲು ದಾಟಿದ್ದಳು. ಹತ್ತು ವರ್ಷ ಟೀ ತೋಟದಲ್ಲಿ ದುಡಿದಳು. ಗಂಡ ತೀರಿಕೊಂಡ. ನೀನು ಇಂಡಿಯಾದವಳು ಎಂದು ಅಲ್ಲಿನ ಸರ್ಕಾರ ಕಾಗದಪತ್ರ ಕೇಳತೊಡಗಿತು. ಇವಳು ಟ್ರಂಕು ಹೊತ್ತು ವಾಪಸಾದಳು. 'ನನ್ನ ಮಗಳು ಸಿಲೋನಲ್ಲಿ ರಾಣಿ ಇದ್ದಂಗವಳೆ' ಎಂದು ಅಜ್ಜಿ ಅಷ್ಟು ವರ್ಷ ಕೊಚ್ಚಿಕೊಂಡಿದ್ದರಿಂದ ಟ್ರಂಕು ತೆರೆಯುವಾಗ ಜನವೋ ಜನ. ಒಳಗಿದ್ದದ್ದು ಎರಡು ಸೀರೆ, ಒಂದು ಪೊಟ್ಟಣ ಟೀ ಪುಡಿ.

ಆಳುಗಳ ಹೆಸರು ಬರೆಯುವ ಚೆಕ್‌ರೋಲಿನಲ್ಲಿ ಸೇರಿದರೆ ಅತ್ತೆಗೆ ಬೇರೆ ಕೋಣೆ. ಇಲ್ಲದಿದ್ದರೆ ಲೈನಿನಲ್ಲೇ ಇರುವಂತಿಲ್ಲ. ಅವ್ವ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ನಾದಿನಿಯ ಮೇಲಿನ ಪ್ರೀತಿಗೆ ಎಂದರೆ ನನ್ನ ಬಾಯಿಗೆ ಹುಳ ಬಿದ್ದೀತು.

ಕಾಫಿ ಹಣ್ಣಾಗಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅತ್ತೆಗೆ ಪಿಕ್ಕಿಂಗ್ ಮಾಡಿ ತೋರಿಸೆಂದ. ನಾವು ಅರ್ಧ ಬುಟ್ಟಿ ಕೊಯ್ಯುವಷ್ಟರಲ್ಲಿ ಅತ್ತೆಯದು ಭರ್ತಿ. ರೈಟರ್ ಅದಕ್ಕೆ ಕೈ ಹಾಕಿದರೆ ಹಣ್ಣಿನ ಜೊತೆ ಹಿಡಿ ಹಿಡಿ ಎಳೆ ಚಿಗುರು!

"ಇದೇನು ಟೀ ಗಿಡವಾ? ಮುಂದಿನ ವರ್ಷ ಏನನ್ನ ಕೊಯ್ತೀಯ?"

"ಹತ್ತು ವರ್ಷ ಚಿಗುರೇ ಕಿತ್ತ ಕೈ, ಸಾರ್. ನನ್ ಮಾತು ಕೇಳಕ್ಕಿಲ್ಲ."

ಇನ್ನೊಂದೇ ದಿನ ನೋಡುತ್ತೇನೆಂದ ಅವನು. ಮಾರನೆಯ ಬೆಳಿಗ್ಗೆ ಅವ್ವ ಅತ್ತೆಯ ಹೆಬ್ಬೆರಳಿಗೂ ತೋರುಬೆರಳಿಗೂ ಹಳೆ ಸೀರೆಯ ಚಿಂದಿ ಬಿಗಿದು ಕಳಿಸಿದಳು. ಉಗುರು ಚಿವುಟುವಂತಿರಲಿಲ್ಲ. ಅತ್ತೆ ಒಂದೊಂದೇ ಹಣ್ಣು ಬಿಡಿಸಿದಳು, ಮಧ್ಯಾಹ್ನ ಊಟಕ್ಕೂ ಕೂರಲಿಲ್ಲ. ಸಂಜೆಗೆ ಮುಕ್ಕಾಲು ಬುಟ್ಟಿಯಾಯಿತು. ಚಿಗುರು ಒಂದೂ ಇರಲಿಲ್ಲ.

ರೈಟರ್ ಹೆಸರು ಬರೆದ. ಊರು ಎಂಬಲ್ಲಿ 'ಸಿಲೋನ್' ಎಂದು ಬರೆದ. ಇಸ್ಕೂಲಿಗೆ ಹೋಗುತ್ತಿದ್ದ ಜಂಬಕ್ಕೆ ನಾನು ಅದನ್ನು ಗಟ್ಟಿಯಾಗಿ ಓದಿಬಿಟ್ಟೆ.

ಜೊತೆಗೆ ಬಂದಿದ್ದ ಅಜ್ಜಿ ಕೆರಳಿದಳು. "ಇವಳನ್ನ ನಾನು ಹೆತ್ತಿದ್ದು ಇದೇ ಲೈನಲ್ಲಿ ಕಣಯ್ಯ!"

"ಈಗ ಬಂದದ್ದು ಅಲ್ಲಿಂದ ತಾನೇ?" ಎಂದ ರೈಟರ್. ಅವನೇ ಮಲಬಾರಿನಿಂದ ಬಂದು ಮೂರು ವರ್ಷವಾಗಿತ್ತು.

ಅತ್ತೆ ಬೆರಳಿನ ಚಿಂದಿ ಬಿಚ್ಚುತ್ತಿದ್ದಳು. "ಸುಮ್ಕಿರವ್ವ," ಎಂದಳು. "ಅಲ್ಲಿ ಇಂಡಿಯಾ ಅಂತ ಬರ್ದಿದ್ರು. ಕೋಣೆ ಯಾವುದು ಅಂತ ಕೇಳು."