ಬಾಣಂತಿ ಕೋಣೆಯ ಎಸಿ

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಬರೆಯುವುದು ನನ್ನ ಕೆಲಸವಲ್ಲ, ಹೊಲ ನನ್ನ ಕೆಲಸ. ಆದರೂ ಮೊಮ್ಮಗಳು ಹುಟ್ಟಿದಾಗಿನಿಂದ ಬಾಯಿ ಮುಚ್ಚಿಕೊಂಡು ಕೂಡಲು ನನಗೆ ಆಗುತ್ತಿಲ್ಲ. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕಲಬುರಗಿ ಬಸ್ಸಿಗೆ ನಿಂತಿದ್ದ ಗುರುತಿಲ್ಲದವರೊಬ್ಬರಿಗೆ ಕೂಸಿನ ಮೂಗು ಹೇಗಿದೆ ಎಂದು ವಿವರಿಸಿದ್ದೇನೆ. ಪಾಪ, ಬಸ್ಸು ಬರುವವರೆಗೆ ಕೇಳಿಸಿಕೊಂಡರು. ಮಗಳಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಕೂಸು ಅದು. ಇನ್ನು ಆಗಲಿಕ್ಕಿಲ್ಲ ಎಂದು ನಾವು ಮನೆಯಲ್ಲಿ ಆ ಮಾತು ಎತ್ತುವುದನ್ನೇ ಬಿಟ್ಟಿದ್ದೆವು. ಬಿಟ್ಟ ಮೇಲೆ ಬಂದಳು.

ಬಂದದ್ದು ಕಡು ಬೇಸಿಗೆಯಲ್ಲಿ. ದಿನ ತುಂಬುವ ಸ್ವಲ್ಪ ಮೊದಲೇ ಹುಟ್ಟಿದ್ದರಿಂದ ಬಹಳ ಸಣ್ಣದಿತ್ತು. ನನ್ನ ಅಂಗೈಗಳೆರಡೂ ಅದಕ್ಕೆ ಅಗಲವಾದ ಹಾಸಿಗೆ. ಮುದ್ದೇಬಿಹಾಳದ ಕಡೆ ಮಾಸ್ತರಿಕೆ ಮಾಡುವ ಅಳಿಯ, ಹೆಂಡತಿಯನ್ನು ಹೆರಿಗೆಗೆ ತವರಿಗೆ ಕಳಿಸುವ ಮೊದಲೇ ನಮ್ಮ ಮನೆಯ ಒಳಕೋಣೆಗೆ ಎಸಿ ಹಾಕಿಸಿಕೊಟ್ಟಿದ್ದ. ನಮ್ಮದು ಹಳೆಯ ಮಾಳಿಗೆಯ ಮನೆ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಒಳಕೋಣೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ತಂಪು ಹೊರಗೆ ಹೋಗಬಾರದೆಂದು ಎಸಿ ಕೂಡಿಸಿದ ಮೇಸ್ತ್ರಿ ಆ ಬೆಳಕಿಂಡಿಗೆ ಹಲಗೆ ಬಡಿದು ಮುಚ್ಚಿದ.

ಮಶಿನ್ನಿನ ರೀತಿಯನ್ನೂ ಅವನೇ ಹೇಳಿಕೊಟ್ಟಿದ್ದ. ಕೋಣೆ ಬೇಕಾದಷ್ಟು ತಂಪಾದ ಮೇಲೆ ಹಿತ್ತಲ ಗೋಡೆಗೆ ಕೂಡಿಸಿದ ಡಬ್ಬಿ ತಾನಾಗಿ ನಿಲ್ಲುತ್ತದೆ, ಒಳಗೆ ಬಿಸಿಯಾದರೆ ತಾನಾಗಿ ಶುರುವಾಗುತ್ತದೆ. ಹೆರಿಗೆಗೆ ಮೊದಲು ಹಾಗೆಯೇ ನಡೆಯುತ್ತಿತ್ತು. ಮಗಳು ಕೂಸಿನೊಂದಿಗೆ ದವಾಖಾನೆಯಿಂದ ಮನೆಗೆ ಬಂದ ಮೇಲೆ ಮಾತ್ರ ಆ ಡಬ್ಬಿ ನಿಲ್ಲುವುದನ್ನು ಮರೆತುಬಿಟ್ಟಿತು. ಹಗಲೂ ಇರುಳೂ ಗುರ್ ಎನ್ನುತ್ತಿತ್ತು. ಅಷ್ಟು ದುಡಿದರೂ ಕೋಣೆಯ ಬಾಗಿಲಲ್ಲಿ ಕೈಯೊಡ್ಡಿದರೆ ತಂಪು ಹತ್ತುತ್ತಿರಲಿಲ್ಲ.

ನಾನು ಬಾಗಿಲಲ್ಲೇ ಯಾಕೆ ಕೈಯೊಡ್ಡಿದೆ ಎಂದು ಕೇಳಬಹುದು. ನಮ್ಮಲ್ಲಿ ಬಾಣಂತಿಯ ಕೋಣೆಗೆ ಗಂಡಸರು ಹೋಗುವುದಿಲ್ಲ. ಬೆಳಿಗ್ಗೆ ಎರೆದು, ಕುಂಚಿಗೆ ಕಟ್ಟಿ, ನನ್ನ ಹೆಂಡತಿ ಕೂಸನ್ನು ಹೊಸ್ತಿಲ ಮೇಲೆ ನಿಂತು ಕೊಡುತ್ತಿದ್ದಳು. ನಾನು ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಎತ್ತಿಕೊಂಡು, ಅದರ ಮುಖ ನೋಡಿ, ಮತ್ತೆ ಹೊಸ್ತಿಲಿಗೇ ತಂದುಕೊಡುತ್ತಿದ್ದೆ. ಒಳಗಿನ ಕಾರಭಾರವೆಲ್ಲ ನನ್ನ ಅಕ್ಕನದು. ಝಳಕಿ ಊರಿಗೆ ಮದುವೆ ಮಾಡಿಕೊಟ್ಟ ಅಕ್ಕ. ನನಗಿಂತ ಬಹಳ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ನಮ್ಮ ಬಳಗದಲ್ಲಿ ಯಾರಿಗೆ ಹೆರಿಗೆಯಾದರೂ ಗಂಟು ಕಟ್ಟಿಕೊಂಡು ಬಂದುಬಿಡುತ್ತಾಳೆ. ಅವಳು ಬಂದಳೆಂದರೆ ಉಳಿದವರು ನಿಶ್ಚಿಂತೆಯಿಂದ ಇರಬಹುದು.

ಒಂದು ಬೆಳಿಗ್ಗೆ ಕೂಸನ್ನು ಕೈಗೆ ತೆಗೆದುಕೊಂಡಾಗ ಮೈ ಸುಡುತ್ತಿತ್ತು. ಅಳಲೂ ಇಲ್ಲ. ಬಾಯಿ ಒಣಗಿ, ತುಟಿಗೆ ತುಟಿ ಅಂಟಿಕೊಂಡಿತ್ತು. ಬಟ್ಟೆ ಹಸಿ ಮಾಡಿಕೊಳ್ಳುವುದೂ ಕಡಿಮೆಯಾಗಿದೆ ಎಂದು ಹೆಂಡತಿ ಹೇಳಿದಳು. ಮಗಳಿಗೂ ತಲೆನೋವು, ಎದ್ದರೆ ಕಣ್ಣಿಗೆ ಕತ್ತಲೆ. ದವಾಖಾನೆಗೆ ಓಡಿದೆವು. ಅಲ್ಲಿನ ಲೇಡಿ ಡಾಕ್ಟರು ಕೂಸಿನ ರಕ್ತ ತಪಾಸಣೆ ಮಾಡಿಸಿ, ಮಧ್ಯಾಹ್ನದವರೆಗೆ ಅಲ್ಲೇ ಇರಿಸಿಕೊಂಡು ನೋಡಿದರು. ಅಲ್ಲಿ ಮೈಯ ಬಿಸಿ ಇಳಿಯಿತು.

"ಜಡ್ಡಿನ ಗುರುತೇನೂ ಇಲ್ರಿ," ಎಂದರು. "ಹೊರಗಿನ ಬಿಸಿ ಮೈಯಾಗ ಇಳದೈತಿ. ಇಷ್ಟು ಸಣ್ಣ ಕೂಸು ತಡಕೊಳ್ಳಂಗಿಲ್ಲ. ಮನ್ಯಾಗ ಎಸಿ ಐತಿ ಅಂತೀರಲ್ಲ, ಮತ್ತ ಹಿಂಗ್ಯಾಕ ಕಾದೈತಿ?"

"ಐತ್ರಿ. ನಿಲ್ಲದ ನಡದೈತ್ರಿ. ಆದ್ರ ತಂಪ ಆಗವಲ್ದು."

"ಅದನ್ನ ಇವತ್ತ ನೋಡಸ್ರಿ. ಎದಿಹಾಲು ಮ್ಯಾಲಿಂದ ಮ್ಯಾಲ ಕುಡಸ್ರಿ. ಸಂಜಿಗೆ ಮತ್ತ ಮೈ ಸುಟ್ರ ತಡಾ ಮಾಡಬ್ಯಾಡ್ರಿ, ಸೀದಾ ವಿಜಾಪುರದ ದೊಡ್ಡ ದವಾಖಾನಿಗೆ ಒಯ್ರಿ. ಅಲ್ಲೆ ಗಾಜಿನ ಪೆಟಗ್ಯಾಗ ಇಟ್ಟು ನೋಡಬೇಕಾಗ್ತೈತಿ."

ಗಾಜಿನ ಪೆಟ್ಟಿಗೆ ಎಂಬ ಮಾತು ಕೇಳಿದ ಮೇಲೆ ನನ್ನ ಮಗಳು ದಾರಿಯುದ್ದಕ್ಕೂ ಕೂಸಿನ ಮೇಲೆ ಸೆರಗು ಹೊದಿಸಿ ತಲೆ ಬಗ್ಗಿಸಿ ಕೂತಿದ್ದಳು. ನಾನು ಆಟೋದ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತು, ಈ ಕೂಸನ್ನು ಕೊಟ್ಟು ಕಸಿದುಕೊಳ್ಳಬೇಡ ಎಂದು ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆಯೇ ಹೇಳುತ್ತಿದ್ದೆ.

ಎಸಿ ಮೇಸ್ತ್ರಿಗೆ ಫೋನ್ ಹಚ್ಚಿದೆ. ಆ ವಾರದಲ್ಲಿ ಅವನು ಬರುತ್ತಿದ್ದುದು ಅದು ಮೊದಲ ಸಲವಲ್ಲ. ಹಿಂದಿನ ಸಲ ಬಂದಾಗ ಜಾಲರಿ ತೊಳೆದು, ಹಿತ್ತಲಿನ ಡಬ್ಬಿಯ ಧೂಳನ್ನು ನೀರು ಹೊಡೆದು ತೆಗೆದು, ಗ್ಯಾಸು ಬರಾಬರಿ ಇದೆ ಎಂದು ಹೇಳಿ ಹೋಗಿದ್ದ. ಜಾಲರಿಯ ತುಂಬ ಕರಿ ಹಿಡಿದಿತ್ತು. "ಏನ್ ಕಾಕಾ, ಎಸಿಗೆ ಚಿಲುಮಿ ಸೇದಸ್ತೀರೇನು?" ಎಂದು ನಕ್ಕಿದ್ದ. ಲೋಬಾನದ ಹೊಗೆಯಿರಬೇಕು ಎಂದುಕೊಂಡು ನಾನೂ ನಕ್ಕಿದ್ದೆ. ಅವನ ಎದುರು ಡಬ್ಬಿ ಒಳ್ಳೆಯ ಮಗುವಿನಂತೆ ನಿಂತಿತ್ತು. ಅವನು ಹೋದ ಮೇಲೆ ಮತ್ತೆ ಗುರ್.

ಈ ಸಲವೂ ಅದೇ ಆಯಿತು. ಹೆಂಡತಿ ತಾಯಿ-ಕೂಸನ್ನು ಅಡುಗೆಮನೆಗೆ ಕರೆದೊಯ್ದಳು. ಅವನು ಬಂದ, ಕೋಣೆಯ ಬಾಗಿಲು ಹಾಕಿಕೊಂಡು ಕೂತ, ಸ್ವಲ್ಪ ಹೊತ್ತಿಗೆ ಡಬ್ಬಿ ನಿಂತಿತು. ಕೋಣೆ ತಣ್ಣಗಾಗಿತ್ತು. ಅವನು ಹೊರಗೆ ಬಂದು ಮುಖ ಒರೆಸಿಕೊಂಡ.

"ಕಾಕಾ, ನಿಮ್ಮ ಮಶಿನ್ ನನ್ನ ಮಾರಿ ನೋಡಿದ್ರ ಅಂಜತೈತಿ."

"ನಗು ಮಾತಲ್ಲಪಾ ಇದು. ಕೂಸಿಗೆ ಮೈ ಸುಡಾಕತ್ತೈತಿ."

ಅವನು ನಗು ಬಿಟ್ಟ. "ಮಶಿನ್‌ದಾಗ ಏನೂ ಇಲ್ರಿ ಕಾಕಾ. ನಾ ಇದ್ದಾಗ ನಿಲ್ತೈತಿ, ಹ್ವಾದ ಮ್ಯಾಲ ನಿಲ್ಲಂಗಿಲ್ಲ. ಅಂದ್ರ ನಾ ಹ್ವಾದ ಮ್ಯಾಲ ಕೋಣ್ಯಾಗ ಏನೋ ಬದಲಾಗ್ತೈತಿ. ಬಾಗಲಾ ತಗದಿಡ್ತೀರೇನು?"

"ಇಲ್ಲಪಾ."

"ಏನರ ಬಿಸಿ ಇಡ್ತೀರೇನು ಒಳಗ?"

"ಈ ಬ್ಯಾಸಗ್ಯಾಗ ಯಾರ ಬಿಸಿ ಇಡ್ತಾರ?" ಎಂದೆ. ನನಗೆ ಗೊತ್ತಿದ್ದದ್ದೇ ಅಷ್ಟು.

ಅವನು ಹೋದ. ನಾನು ಹಿತ್ತಲಿಗೆ ಹೋಗಿ ಡಬ್ಬಿಯ ಎದುರು ಕಲ್ಲಿನ ಮೇಲೆ ಕೂತೆ. ಅದು ಇನ್ನೂ ಸುಮ್ಮನಿತ್ತು. ಯಾವಾಗ ಶುರುವಾಗುತ್ತದೋ ನೋಡೇಬಿಡುತ್ತೇನೆ ಎಂದು ಕೂತಿದ್ದೆ. ಆಗ ಅಕ್ಕ ಹಿತ್ತಲಿಗೆ ಬಂದಳು. ಬಚ್ಚಲ ಒಲೆಯ ಮರೆಯಲ್ಲಿ ಇಟ್ಟಿದ್ದ ಶೆಗಡಿಯನ್ನು ಹೊರಗೆಳೆದು, ಬೂದಿ ಕೊಡವಿ, ಒಲೆಯಿಂದ ಹೊಸ ಕೆಂಡ ತೆಗೆದು ತುಂಬತೊಡಗಿದಳು. ಮೊರದಿಂದ ಬೀಸಿದಳು. ಕೆಂಡ ಕೆಂಪಾಯಿತು.

ಮನೆಯಲ್ಲಿ ಆ ಶೆಗಡಿ ನಾನು ಹುಟ್ಟುವ ಮೊದಲಿನಿಂದಲೂ ಇದೆ. ಅಂಥದ್ದನ್ನು ಕಣ್ಣು ನೋಡಿದರೂ ನೋಡಿದಂತೆ ಆಗುವುದಿಲ್ಲ.

"ಯಾಕಕ್ಕಾ ಕೆಂಡ?" ಎಂದೆ.

"ಯಾಕಂದ್ರ? ಹೊರಸಿನ ಬುಡಕ ಇಡಾಕ. ಆ ಮನಶ್ಯಾ ಬರ್ತಾನಂತ ತಗದಿದ್ವಿ. ಪರಗಂಡಸು ಬರೂವಾಗ ಬಾಣಂತಿ ಸಾಮಾನಾ ಹರವಿಕೊಂಡು ಕುಂಡ್ರಾಕ ಆಗ್ತೈತೇನು?"

"ದಿನಾ ಇಡ್ತೀಯೇನು?"

"ದಿನಾ ಅಲ್ಲಪಾ, ಹಗಲೂ ಇಡ್ತೇನಿ, ರಾತ್ರೀನೂ ಇಡ್ತೇನಿ. ನಿನ್ನ ಅಳಿಯಾ ಮ್ಯಾಲ ಥಂಡಿ ಗಾಳಿ ಬಿಡೋ ಡಬ್ಬಿ ಕುಂಡ್ರಿಸ್ಯಾನ. ಕೆಳಗ ಕಾವು ಇಡದಿದ್ರ ಹಸಿ ಮೈಗೆ ವಾತ ಹಿಡೀತೈತಿ. ಅದು ಎಷ್ಟ ಬಿಡ್ತೈತೋ ನಾನೂ ಅಷ್ಟ ಕೆಂಡಾ ಹಾಕ್ತೇನಿ."

ಎಸಿ ತಂಪು ಬಿಟ್ಟಷ್ಟೂ ಅಕ್ಕ ಕೆಂಡ ಹಾಕಿದ್ದಾಳೆ, ಅಕ್ಕ ಕೆಂಡ ಹಾಕಿದಷ್ಟೂ ಎಸಿ ದುಡಿದಿದೆ. ಎರಡರ ನಡುವೆ ಹೊರಸಿನ ಮೇಲೆ ಮಲಗಿದ ನನ್ನ ಮಗಳು, ಅವಳ ಮಗ್ಗುಲಲ್ಲಿ ಆ ಸಣ್ಣ ಜೀವ. ಮಗಳ ತಲೆನೋವು ನೆನಪಾಯಿತು. ಜಾಲರಿಗೆ ಹಿಡಿದ ಕರಿ ನೆನಪಾಯಿತು. ಹಿಂದೆಲ್ಲ ಆ ಕೋಣೆಯಲ್ಲಿ ಬಾಣಂತನ ನಡೆದಾಗ ಕೆಂಡದ ಹೊಗೆ, ಕೆಂಡದ ಕಾವು ಬೆಳಕಿಂಡಿಯಿಂದ ಮೇಲೆ ಹೋಗುತ್ತಿದ್ದವು. ಈಗ ಅದಕ್ಕೆ ಹಲಗೆ ಬಡಿದಿತ್ತು.

ಅಕ್ಕ ಶೆಗಡಿ ಎತ್ತಿಕೊಂಡು ಒಳಗೆ ನಡೆದಳು. ನಾನು ಹಿಂದೆಯೇ ಹೋಗಿ, ಹೊಸ್ತಿಲ ಹತ್ತಿರ ಅವಳ ಕೈಯಿಂದ ಅದನ್ನು ತೆಗೆದುಕೊಂಡೆ.

"ಕೈ ಸುಟ್ಟಾವು, ಬಿಡು," ಎಂದಳು.

"ಇದು ಒಳಗ ಹೋಗೂದು ಬ್ಯಾಡಕ್ಕಾ. ಕೂಸಿಗೆ ಮೈ ಸುಡಾಕತ್ತಿದ್ದು ಇದರಿಂದ. ಬೆಳಕಿಂಡಿ ಮುಚ್ಚೈತಿ. ಮುಚ್ಚಿದ ಕೋಣ್ಯಾಗ ಕೆಂಡದ ಹೊಗಿ ತಾಯಿಗೂ ವಿಷ, ಕೂಸಿಗೂ ವಿಷ."

ಅಕ್ಕ ನನ್ನನ್ನು ನೋಡಿದಳು. ಅಡುಗೆಮನೆಯಿಂದ ನನ್ನ ಹೆಂಡತಿ ಬಂದು, ಕೂಸನ್ನು ಎತ್ತಿಕೊಂಡೇ ಬಾಗಿಲಲ್ಲಿ ನಿಂತಳು.

"ಈ ಕೈಯಾಗ ಎಷ್ಟ ಬಾಣಂತನಾ ಆಗ್ಯಾವ, ನಿನಗ ಗೊತ್ತೈತೇನು? ನೀ ನನಗ ವಿಷಾ ಹಾಕಾಕಿ ಅಂತೀಯಾ ತಮ್ಮಾ?" ಅಕ್ಕನ ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರವಾಗುತ್ತಿತ್ತು.

"ಹಂಗ ಅನ್ನಲಿಲ್ಲಕ್ಕಾ."

"ಮತ್ತ ಹ್ಯಾಂಗ ಅಂದಿ? ಥಂಡಿ ಅಂದ್ರ ಏನಂತ ನಿನಗ ಗೊತ್ತಿಲ್ಲ. ನನಗ ಗೊತ್ತೈತಿ."

ಅಕ್ಕನ ಮೊದಲ ಕೂಸು ಉಳಿಯಲಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಜೋಳದ ಸುಗ್ಗಿಯ ಕಾಲ. ಹೊಲದ ಗುಡಿಸಲಲ್ಲಿ ಹಸಿ ಬಾಣಂತಿಯನ್ನು ಮಲಗಿಸಿದ್ದರು. ಅಂಥ ಚಳಿಯಲ್ಲಿ ಬೆಳಿಗ್ಗೆ ಎದ್ದು ನೋಡುವಾಗ ಕೂಸಿನ ಕಾಲು ತಣ್ಣಗಿದ್ದವಂತೆ. ಅಂದಿನಿಂದ ಅಕ್ಕ ಕಂಡವರ ಬಾಣಂತಿಯರಿಗೆಲ್ಲ ಕೆಂಡ ಇಟ್ಟುಕೊಂಡು ಬಂದಿದ್ದಾಳೆ.

ನಾನು ಶೆಗಡಿಯನ್ನು ಅಂಗಳದಲ್ಲಿ ಇಟ್ಟು ಬಂದೆ. ಅಕ್ಕ ಮೂಲೆಯಲ್ಲಿದ್ದ ತನ್ನ ಗಂಟಿನ ಹತ್ತಿರ ಹೋಗಿ ಸೀರೆ ಮಡಿಚತೊಡಗಿದ್ದಳು. ಝಳಕಿಗೆ ಹೊರಡುವ ಲಕ್ಷಣ. ಹೆಂಡತಿ ನನ್ನ ಕಡೆ ಕಣ್ಸನ್ನೆ ಮಾಡಿದಳು: ಏನಾದರೂ ಮಾಡಿ, ಮಾತಾಡಿ ಎಂದು. ನನಗೆ ದೊಡ್ಡ ಮಾತು ಬರುವುದಿಲ್ಲ. ಅಕ್ಕನ ಎದುರು ನೆಲದ ಮೇಲೆ ಕೂತೆ.

"ಅಕ್ಕಾ, ನೀ ಹ್ವಾದ್ರ ಈ ಕೂಸಿಗೆ ಥಂಡಿ ಆಗೈತೋ ಸೆಕಿ ಆಗೈತೋ ನೋಡವ್ರ್ಯಾರು? ನನ್ನ ಕೈ ಒರಟ, ತಿಳಿಯಂಗಿಲ್ಲ. ನಿನ್ನ ಕೈಗೆ ತಿಳೀತೈತಿ. ಕೂಸಿನ ಕಾಲ ಹಿಡಕೊಂಡು ಕುಂಡ್ರು. ತಣ್ಣಗಾದ್ವು ಅಂತ ನೀ ಅಂದ್ರ ಎಸಿ ನಾನ ಬಂದ್ ಮಾಡ್ತೇನಿ. ನಿನ್ನ ಮಾತ ಕಡೀದು."

ಅವಳು ಮಡಿಚಿದ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಅಂಚನ್ನು ಉಗುರಿನಿಂದ ತಿಕ್ಕುತ್ತಿದ್ದಳು. ಕೊನೆಗೆ ಎದ್ದು ನನ್ನ ಹೆಂಡತಿಯ ಕಡೆ ಕೈ ಚಾಚಿದಳು.

"ತಾ ಇಲ್ಲೆ ಅದನ್ನ. ನಿಂತ್ಕೊಂಡು ಏನ್ ನೋಡಾಕತ್ತಿ?"

ಕೋಣೆಯ ಬಾಗಿಲು ಪೂರ್ತಿ ತೆರೆದು, ನಾನು ಮಾಳಿಗೆ ಹತ್ತಿ ಬೆಳಕಿಂಡಿಯ ಹಲಗೆ ಕಿತ್ತೆ. ಬಿಸಿಲು ಕೋಣೆಯ ನಡುವೆ ಬಿದ್ದಿತು. ಅದರಲ್ಲಿ ಒಳಗೆ ಇನ್ನೂ ಉಳಿದಿದ್ದ ಹೊಗೆ ಸುತ್ತುತ್ತ ಮೇಲೆ ಬರುವುದು ಕಂಡಿತು. ಅಷ್ಟು ಹೊಗೆಯ ನಡುವೆ ಅವರಿಬ್ಬರೂ ಉಸಿರಾಡಿದ್ದರು. ನಾನು ಮಾಳಿಗೆಯ ಮೇಲೆ ಸುಡುವ ಮಣ್ಣಿನಲ್ಲಿ ಕೂತು, ಕೆಳಗಿನವರಿಗೆ ಕಾಣದಂತೆ ಅತ್ತೆ. ಒಳಗೆ ತಿಳಿಯಾದ ಮೇಲೆ ಹಲಗೆಯನ್ನು ಮತ್ತೆ ಇಟ್ಟೆ, ಆದರೆ ಪೂರ್ತಿ ಬಡಿಯಲಿಲ್ಲ. ಒಂದು ಬೆರಳಷ್ಟು ಸಂದಿ ಬಿಟ್ಟೆ.

ಕೆಳಗಿಳಿದು ಬಂದಾಗ ಹೆಂಡತಿ, "ಒಳಗ ಬರ್ರಿ, ಇವತ್ತೊಂದಿನ ಯಾರೂ ಏನೂ ಅನ್ನಂಗಿಲ್ಲ," ಎಂದಳು. ಹೊಸ್ತಿಲು ದಾಟಿದೆ. ಅಕ್ಕ ಹೊರಸಿನ ಅಂಚಿಗೆ ಕೂತು, ಕೂಸಿನ ಎರಡೂ ಪಾದಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದಿದ್ದಳು. ಮಗಳು ಹಾಲು ಕುಡಿಸುತ್ತಿದ್ದಳು. ಕೂಸು ಕುಡಿಯುವ ಸದ್ದು ಕೋಣೆಯಲ್ಲಿ ಕೇಳಿಸುತ್ತಿತ್ತು. ಬೆಳಿಗ್ಗೆಯಿಂದ ಕೇಳಿರದ ಸದ್ದು ಅದು.

ಮಧ್ಯಾಹ್ನ ಇಳಿಯುತ್ತ ಬಂದಿತು. ಒಮ್ಮೆ ಮಗಳು, "ಅತ್ತಿ, ತಲಿ ಹಗರಾಗೇತಿ," ಎಂದಳು. ಅಕ್ಕ ಹೂಂ ಎಂದಳು ಅಷ್ಟೇ. ಆಮೇಲೆ ತಾನಾಗಿಯೇ, ಯಾರ ಕಡೆಗೂ ನೋಡದೆ, "ನಮ್ಮ ಕೂಸಿಗೆ ಕಾವು ಬೇಕಿತ್ತು. ಈ ಕೂಸಿಗೆ ತಂಪ ಬೇಕಿತ್ತು. ಮುದಿಕಿಗೆ ಅದು ಹ್ಯಾಂಗ ತಿಳೀಬೇಕು?" ಎಂದಳು.

"ಯಾರಿಗೂ ತಿಳಿದಿರಲಿಲ್ಲಕ್ಕಾ," ಎಂದೆ.

ಸಂಜೆಯಾಗುವ ಹೊತ್ತಿಗೆ ಅವಳು ಕೂಸಿನ ಹೊಟ್ಟೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು, ಮತ್ತೆ ಪಾದ ಮುಟ್ಟಿದಳು. "ಹದಾ ಐತಿ," ಎಂದು ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು. ಅವಳ ಕೈಯ ಅಳತೆ ನನಗೆ ಸಾಕಿತ್ತು. ಆದರೂ ಮಗಳು ಥರ್ಮಾಮೀಟರ್ ಇಟ್ಟು ನೋಡಿ, ಕಣ್ಣೊರೆಸಿಕೊಂಡು, ಜ್ವರವಿಲ್ಲವೆಂದು ತಲೆಯಾಡಿಸಿದಳು. ವಿಜಾಪುರಕ್ಕೆ ಹೋಗುವುದು ತಪ್ಪಿತು. ನನ್ನ ತೊಡೆಯ ಮೇಲೆ ಧೋತರ ಬೆಚ್ಚಗೆ ಒದ್ದೆಯಾಯಿತು. ನಾನು ಅಲುಗಾಡಲಿಲ್ಲ. ಹಾಗೆಯೇ ಕೂತೆ. ಅಂಥ ಸುಖವನ್ನು ನಾನು ಇನ್ನಾವುದರಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಅಕ್ಕ ತಲೆಯೆತ್ತಿ ಹಿತ್ತಲ ಕಡೆ ಕಿವಿಗೊಟ್ಟಳು. ಮುಖದಲ್ಲಿ ಗಾಬರಿ.

"ತಮ್ಮಾ, ಆ ಡಬ್ಬಿ ಸಪ್ಪಳನ ಇಲ್ಲಲ್ಲೋ. ಕೆಟ್ಟತೇನು?"